ಲಿಥುವೇನಿಯಾದ ಹುಳಿಹಿಟ್ಟು ಮತ್ತು ನಮ್ಮ ಹಾಲಿನ ಗಡಿಗೆ

ಬನಹಟ್ಟಿ

ಮನುಷ್ಯನ ನಾಗರಿಕತೆಯ ಇತಿಹಾಸವೆಂದರೆ ಅವನು ತನ್ನ ಕೈಗೆ ತಕ್ಕ ಹತ್ಯಾರಗಳನ್ನು ತಾನೇ ಮಾಡಿಕೊಂಡ ಇತಿಹಾಸ. ನಮ್ಮ ಮನೆಯಲ್ಲಿ ಈ ಇತಿಹಾಸ ಶುರುವಾದದ್ದು ಅಡಿಗೆಮನೆಯ ಚಮಚಗಳು ಒಂದೊಂದಾಗಿ ಕಾಣೆಯಾಗುವುದರೊಂದಿಗೆ.

ಮಗ್ಗಗಳನ್ನು ಮಗನಿಗೆ ಒಪ್ಪಿಸಿದ ಮೇಲೆ ನನ್ನ ಕೈ ಖಾಲಿಯಾಯಿತು. ಜೀವಮಾನವಿಡೀ ಹಾಸಿನ ನೂಲಿಗೆ, ಮಗ್ಗದ ಉದ್ದೆಳೆಗಳಿಗೆ, ಗಂಜಿ ಹಾಕಿದ ಕೈ ಅದು. ಒದ್ದೆಯಾದದ್ದು, ಅಂಟುವಂಥದ್ದು ಏನಾದರೂ ಸಿಗದಿದ್ದರೆ ಅದಕ್ಕೆ ಸಮಾಧಾನವಿಲ್ಲ. ಡಾಕ್ಟರು ಬೆಳಗ್ಗೆ ತಿರುಗಾಡಿ ಎಂದರು. ನಾನು ಚಿಕ್ಕಪಡಸಲಗಿಯ ಹೊಳೆದಂಡೆಯಿಂದ ಸ್ಕೂಟರಿನ ಮೇಲೆ ಒಂದು ಚೀಲ ಮಣ್ಣು ತಂದು ಮಡಿಕೆ ಮಾಡಲು ಕುಳಿತೆ.

ಮಡಿಕೆ ತಿರುಗಿಸುವ ಚಕ್ರ, ತಿಗರಿ, ಬೇಕಲ್ಲ? ನಮ್ಮ ಮಗ್ಗಗಳನ್ನು ರಿಪೇರಿ ಮಾಡುವ ಜಾಬರ್ ಈರಪ್ಪನನ್ನು ಕೇಳಿದೆ. ಈರಪ್ಪನಿಗೆ ಲೋಕದಲ್ಲಿ ಅಸಾಧ್ಯವಾದದ್ದು ಯಾವುದೂ ಇಲ್ಲ. ಹೇಳಿದ ದಿನ ಬರುವುದೊಂದು ಮಾತ್ರ ಅವನಿಗೆ ಆಗುವುದಿಲ್ಲ.

"ಸಾವುಕಾರ್ರ, ಮ್ಯಾಲಿನ ಫ್ಯಾನು ಇಳಿಸಿ ತಲಿಕೆಳಗ ಮಾಡಿದ್ರ ಅದ ತಿಗರಿ. ರೆಕ್ಕಿ ಬಿಚ್ಚೂದು, ಹಲಿಗಿ ಕೂಡಸೂದು, ಆತು. ರೆಗ್ಯುಲೇಟರ್ ಇದ್ದ ಐತಿ."

ಹಾಗೇ ಮಾಡಿದೆವು. ರೆಗ್ಯುಲೇಟರನ್ನು ಒಂದರ ಮೇಲೆ ಇಟ್ಟರೆ, ಮಣ್ಣಿಗೆ ಬೆರಳು ತಾಗಿಸಿದ ಕೂಡಲೇ ಫ್ಯಾನು ಸಂಕೋಚದಿಂದ ನಿಂತುಬಿಡುತ್ತಿತ್ತು. ಐದರ ಮೇಲೆ ಇಟ್ಟಾಗ ಮಣ್ಣು ಹಲಗೆ ಬಿಟ್ಟು, ಕಂಪೌಂಡು ದಾಟಿ, ಪಕ್ಕದ ಮನೆಯವರು ಒಣಹಾಕಿದ್ದ ಸೀರೆಯ ಸೆರಗಿನ ಮೇಲೆ ಹೋಗಿ ಕುಳಿತಿತು. ಆ ಮನೆಯ ಹೆಣ್ಣುಮಗಳು ಗೋಡೆಯ ಮೇಲಿಂದ ಇಣುಕಿ, "ಕಾಕಾರ, ಈ ಡಿಜೈನ್ ಹೊಸಾದೇನ್ರಿ?" ಎಂದು ಕೇಳಿದಳು.

ಮಣ್ಣು ಕೆರೆಯಲು ಹೋದ ಚಮಚಗಳು ಸಾಲದೆ, ಉಳಿದ ಹತ್ಯಾರಗಳು ಮಗ್ಗದ ಮನೆಯಿಂದಲೇ ಬಂದವು. ಸವೆದ ಲಾಳಿ ಹಸಿಮಣ್ಣನ್ನು ಉಜ್ಜಿ ನುಣುಪು ಮಾಡಲಿಕ್ಕೆ, ಎಳೆಗಳನ್ನು ಬಿಡಿಬಿಡಿಯಾಗಿಡುವ ಫಣಿಯ ಮುರಿದ ತುಂಡು ಗೆರೆ ಎಳೆಯಲಿಕ್ಕೆ, ಸೈಕಲ್ಲಿನ ಕಡ್ಡಿ ಬಗ್ಗಿಸಿ ಕೆರೆಯಲಿಕ್ಕೆ. ಗಡಿಗೆಯನ್ನು ಹಲಗೆಯಿಂದ ಕೊಯ್ದು ಬಿಡಿಸಲು ಹಾಸಿನ ಎಳೆ ಎರಡು ಹೊಸೆದರೆ ಸಾಕಾಗುತ್ತಿತ್ತು. ಸುಡಲಿಕ್ಕೆ ಸಮೀರವಾಡಿ ರಸ್ತೆಯ ಹೊಲಗಳಿಂದ ಕಬ್ಬಿನ ಒಣಗಿದ ಎಲೆ, ರವದಿ. ಹೀಗೆ ತಯಾರಾದ ನಮ್ಮ ಗಡಿಗೆಗಳಲ್ಲಿ ಗಡಿಗೆಗೆ ಇರಬೇಕಾದ ಎಲ್ಲ ಗುಣಗಳೂ ಇದ್ದವು, ಒಳಗಿನದನ್ನು ಒಳಗೇ ಇಟ್ಟುಕೊಳ್ಳುವ ಒಂದು ಗುಣವನ್ನು ಬಿಟ್ಟು.

ನಮ್ಮ ಮನೆಯಾಕೆ ಗಂಗವ್ವ ಮೊದಮೊದಲು ದೂರ ನಿಂತು ನಗುತ್ತಿದ್ದಳು. ಆಮೇಲೆ "ಸರೀರಿ ಅತ್ತಾಗ" ಎಂದು ತಾನೇ ಕುಳಿತಳು. ಆಕೆಗೆ ಬೇಕಾದದ್ದು ಒಂದೇ: ತಾನು ಮಾಡಿದ, ಹಾಲು ಹಾಕಿ ಹೆಪ್ಪಿಡಬಹುದಾದ ಒಂದು ಗಡಿಗೆ. ಮುಧೋಳದ ಸಂತೆಗೆ ಹೋದರೆ ಕುಂಬಾರರು ಮಾಡಿದ ಒಳ್ಳೆಯ ಗಡಿಗೆ ಸಿಗುತ್ತದೆ ಎಂದೆ.

"ಸಿಗತೈತಿ. ಅದು ಅವರು ಮಾಡಿದ್ದು. ನಂದು ನನಗ ಬೇಕು."

ಆಕೆ ತಾನು ಮಾಡಿದ ಗಡಿಗೆಗೆ ಹಾಲು ಹಾಕಿ ಗೋಡೆಯ ಗೂಡಿನಲ್ಲಿಟ್ಟಳು. ಹಾಲು ಹೆಪ್ಪಾಗುವವರೆಗೆ ಕಾಯದೆ ಹೊರಗೆ ಬಂತು. ಮತ್ತೊಂದು ಮಾಡಿದಳು, ಅದೂ ಹಾಗೇ. ಇಡೀ ಓಣಿಯಲ್ಲಿ ನಮ್ಮ ಕಲೆಯನ್ನು ಮನಸಾರೆ ಮೆಚ್ಚಿದ್ದು ಒಂದು ಬೆಕ್ಕು ಮಾತ್ರ.

ಇಂಥ ಹೊತ್ತಿನಲ್ಲಿ, ಕೈಮಗ್ಗದ ಸೀರೆ ನೋಡಲು ಲಿಥುವೇನಿಯಾ ದೇಶದಿಂದ ದಾಲಿಯಾ ಎಂಬ ಹೆಣ್ಣುಮಗಳು ನಮ್ಮೂರಿಗೆ ಬಂದಳು. ಸೀರೆ ನೋಡಿದಳು. ನನ್ನ ಹತ್ಯಾರಗಳನ್ನು ಕಂಡು ಸೀರೆ ಮರೆತಳು. ಆಕೆಯೂ ಮಡಿಕೆ ಮಾಡುವವಳೇ. ತಮ್ಮ ಕಡೆ ಕೆಂಪಗೆ ಕಾದ ಮಡಿಕೆಯನ್ನು ಹುಳಿ ಬಂದ ಹಿಟ್ಟಿನ ನೀರಿನಲ್ಲಿ ಅದ್ದುತ್ತಾರೆ, ಆಮೇಲೆ ಅದು ಸೋರುವುದಿಲ್ಲ ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿದಳು. ನಾನು ನನ್ನ ಇಂಗ್ಲಿಷಿನಲ್ಲಿ ತಿಳಿದುಕೊಂಡೆ. ಬೇಸಿಗೆಯಲ್ಲಿ ತನ್ನ ಮನೆಯಲ್ಲಿ ಕೆಲವರು ಕೂಡಿ ಎರಡು ವಾರ ಇದನ್ನೇ ಮಾಡುತ್ತೇವೆ, ನೀವೂ ಬನ್ನಿ ಎಂದಳು.

ಗಂಗವ್ವ ಕೇಳಿದ್ದು ಒಂದೇ ಪ್ರಶ್ನೆ. "ಹಾಲು ನಿಂದರತೈತೇನಂತ ಕೇಳ್ರಿ."

ನಿಲ್ಲುತ್ತದೆ ಎಂದು ದಾಲಿಯಾ ತಲೆಯಾಡಿಸಿದಳು.

"ಹಂಗಾರ ಹೋಗೂನ್ರಿ."

ಅನಗವಾಡಿಯಲ್ಲಿರುವ ಸ್ವಂತ ಅಕ್ಕನ ಮನೆಗೆ ಹೋಗಬೇಕಾದರೆ ಎಂಟು ದಿನ ವಿಚಾರ ಮಾಡುವ ಹೆಣ್ಣುಮಗಳು ಯುರೋಪಿಗೆ ಒಪ್ಪಿದ್ದು ಹೀಗೆ.

ಮುಂಬೈ

ಜಮಖಂಡಿ ದಾಟಿದರೆ ಎಲ್ಲವೂ ಪರದೇಶ ಎಂಬುದು ನಮ್ಮ ತಂದೆಯವರ ಅಭಿಪ್ರಾಯವಾಗಿತ್ತು. ಆ ಲೆಕ್ಕದಲ್ಲಿ ನಮ್ಮ ವಿದೇಶ ಪ್ರವಾಸ ಊರು ಬಿಟ್ಟು ಸ್ವಲ್ಪ ಹೊತ್ತಿಗೇ ಆರಂಭವಾಯಿತು. ತೊಂದರೆ ಆರಂಭವಾದದ್ದು ಮಾತ್ರ ಮುಂಬೈಯ ವಿಮಾನ ನಿಲ್ದಾಣದಲ್ಲಿ.

ಹತ್ಯಾರಗಳ ಚೀಲವನ್ನು ನಾನು ಕೈಯಲ್ಲೇ ಹಿಡಿದಿದ್ದೆ. ಅಂಥ ವಸ್ತುಗಳನ್ನು ಸಾಮಾನಿನ ಜೊತೆ ವಿಮಾನದ ಹೊಟ್ಟೆಗೆ ಹಾಕಲು ಮನಸ್ಸು ಬರಲಿಲ್ಲ. ತಪಾಸಣೆಯ ಹುಡುಗಿ ಲಾಳಿಯನ್ನು ಎರಡು ಬೆರಳಲ್ಲಿ ಎತ್ತಿ, ಅದರ ಎರಡೂ ತುದಿಯ ಉಕ್ಕಿನ ಮೊನೆ ನೋಡಿ, ಇದೇನು ಎಂದು ಹಿಂದಿಯಲ್ಲಿ ಕೇಳಿದಳು. ಲಾಳಿ ಇಲ್ಲದಿದ್ದರೆ ಮನುಕುಲ ಇವತ್ತಿಗೂ ಎಲೆ ಸುತ್ತಿಕೊಂಡು ತಿರುಗಬೇಕಾಗಿತ್ತು ಎಂಬುದನ್ನು ನಾನು ಸಾವಕಾಶವಾಗಿ ವಿವರಿಸತೊಡಗಿದೆ. ನನ್ನ ಹಿಂದೆ ಸಾಲು ಬೆಳೆಯಿತು.

"ಕೊಟ್ಟ ಬರ್ರಿ ಲಗೂನ," ಎಂದಳು ಆಚೆ ನಿಂತಿದ್ದ ಗಂಗವ್ವ. "ನಿಮ್ಮ ಲಾಳಿ ಸಲುವಾಗಿ ವಿಮಾನ ನಿಂದರಂಗಿಲ್ಲ."

ಲಾಳಿ ಹೋಯಿತು, ಫಣಿ ಹೋಯಿತು, ಸೈಕಲ್ ಕಡ್ಡಿ ಹೋಯಿತು. ಛತ್ರಿಯನ್ನು ಬಿಟ್ಟರು. ಗಂಗವ್ವನ ದೊಡ್ಡ ಚೀಲ ಮಾತ್ರ ಯಾರೂ ಮುಟ್ಟದೆ ಮುಂದೆ ಹೋಯಿತು. ಅದರಲ್ಲಿ ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಚಟ್ನಿ, ಜೀರಿಗೆ, ಹಸಿಮೆಣಸಿನಕಾಯಿ, ಮತ್ತು ಆ ದೇಶದಲ್ಲಿ ಸಿಗುವುದಿಲ್ಲವೆಂದು ತುಂಬಿಕೊಂಡ ಜೋಳದ ಹಿಟ್ಟು ಇದ್ದವು.

ದಾಲಿಯಾಬಾಯಿಯ ಮನೆ

ಮನೆ ಇರುವುದು ಕಾಡಿನ ಅಂಚಿನಲ್ಲಿ. ಊರು ಅನ್ನುತ್ತಾರೆ, ಜನ ಕಾಣಲಿಲ್ಲ. ರಬಕವಿಯಿಂದ ಬನಹಟ್ಟಿಗೆ ನಡೆದುಕೊಂಡು ಬಂದರೆ ದಾರಿಯಲ್ಲಿ ಸಿಕ್ಕವರೆಲ್ಲ "ಎಲ್ಲಿಗ್ರಿ?" ಎಂದು ಕೇಳಿಯೇ ಕೇಳುತ್ತಾರೆ. ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ಇದು ಗಂಗವ್ವನಿಗೆ ಸಹಿಸಲಾಗಲಿಲ್ಲ. ಎದುರಿಗೆ ಬಂದ ಮುದುಕನೊಬ್ಬನಿಗೆ, ಆತ ಕೇಳದಿದ್ದರೂ, ತಾನೇ ಹೇಳಿದಳು: "ಇಲ್ಲೇ, ಹೊಳೀತನಕ ಹೋಗಿ ಬರತೇವ್ರಿ." ಆತ ಟೊಪ್ಪಿಗೆ ತೆಗೆದು ತಲೆಬಾಗಿದ.

ಗಂಗವ್ವ ಅಲ್ಲಿ ಇದ್ದಷ್ಟು ದಿನವೂ ಎಲ್ಲರೊಡನೆ ಕನ್ನಡದಲ್ಲೇ ಮಾತಾಡಿದಳು. ನನ್ನ ಇಂಗ್ಲಿಷಿಗಿಂತ ಅದು ಅವರಿಗೆ ಬೇಗ ತಿಳಿಯುತ್ತಿತ್ತು ಎಂದು ಒಪ್ಪಿಕೊಳ್ಳಬೇಕಾಗಿದೆ.

ಮೊದಲ ದಿನ ಊಟಕ್ಕೆ ತಣ್ಣನೆಯ ಸಾರು ಕೊಟ್ಟರು. ಬೀಟ್‌ರೂಟು ಮತ್ತು ಮಜ್ಜಿಗೆಯದು. ಬಣ್ಣ ಎಂಥದ್ದೆಂದರೆ, ನಮ್ಮಲ್ಲಿ ಓಕುಳಿಯ ದಿನ ಕೊಡದಲ್ಲಿ ಇರುತ್ತದಲ್ಲ, ಅದೇ. ಗಂಗವ್ವ ಬಟ್ಟಲನ್ನು ಎತ್ತಿ ಹಿಡಿದು ನನ್ನ ಕಿವಿಯಲ್ಲಿ ಕೇಳಿದಳು: "ಇದನ್ನ ಯಾರ ಮ್ಯಾಲ ಉಗ್ಗೂದ್ರಿ?"

ಬಂದಿದ್ದ ಉಳಿದವರಲ್ಲಿ ನಮ್ಮ ಮೇಜಿಗೆ ಕುಳಿತವನು ಕ್ಲಾಸ್ ಎಂಬ ಜರ್ಮನ್ ಇಂಜಿನಿಯರು. ಅವನ ಹತ್ಯಾರಗಳು ಚರ್ಮದ ಸುರುಳಿಯಲ್ಲಿ, ಒಂದೊಂದಕ್ಕೂ ಒಂದೊಂದು ಜೇಬು. ಬಿಚ್ಚಿ ಹರಡಿದಾಗ ಈಗ ಯಾರಿಗೋ ಆಪರೇಶನ್ ಆಗುವುದಿದೆ ಎಂಬ ಭಾವನೆ ಬರುತ್ತಿತ್ತು. ನನ್ನ ಚೀಲದಲ್ಲಿ ಉಳಿದದ್ದು ಒಂದು ಉಂಡೆ ನೂಲು.

ಅದಕ್ಕೆ ನಾನು ಛತ್ರಿಯನ್ನು ಬಿಚ್ಚಿದೆ. ಛತ್ರಿಯ ಕಡ್ಡಿಯಂಥ ಹತ್ಯಾರ ಜಗತ್ತಿನಲ್ಲಿ ಮತ್ತೊಂದಿಲ್ಲ. ಬಗ್ಗಿಸಿದರೆ ಒಳಗಿನ ಮಣ್ಣು ಕೆರೆಯುತ್ತದೆ, ನೇರ ಇಟ್ಟರೆ ಗೆರೆ ಎಳೆಯುತ್ತದೆ, ತುದಿಯ ಗುಂಡಿನಿಂದ ಚುಕ್ಕೆ ಬೀಳುತ್ತವೆ. ಮೀನಿನ ಡಬ್ಬಿಯ ಮುಚ್ಚಳ ಕತ್ತರಿಸಿ ನುಣುಪು ಮಾಡುವ ಹಲಗೆ ಮಾಡಿಕೊಂಡು, ಒಂದು ಹೂಜಿಗೆ ಕೈ ಹಾಕಿದೆ. ಕ್ಲಾಸ್ ಎರಡು ದಿನ ನೋಡಿದ, ಮೂರನೆಯ ದಿನ ಒಂದು ಕಡ್ಡಿ ಕೊಡುತ್ತೀರಾ ಎಂದು ಕೇಳಿದ. ಕೊಟ್ಟೆ. ನಾಲ್ಕನೆಯ ದಿನ ಮಳೆ ಬಂತು. ನಾನು ಛತ್ರಿಯ ಬರಿಯ ಬಟ್ಟೆಯನ್ನು ತಲೆಯ ಮೇಲೆ ಹೊದ್ದು ಅಂಗಳ ದಾಟಿದೆ.

ಗಂಗವ್ವನಿಗೆ ಹತ್ಯಾರದ ಗೊಡವೆಯೇ ಇರಲಿಲ್ಲ. ತಿಗರಿಯನ್ನು ಮುಟ್ಟಲಿಲ್ಲ. ಮಣ್ಣಿನ ಉಂಡೆಯನ್ನು ಹಲಗೆಯ ಮೇಲಿಟ್ಟು, ಜೋಳದ ರೊಟ್ಟಿಯಂತೆ ಒಂದು ಕೈಯಿಂದ ಬಡಿಯುತ್ತ ಒಂದು ಕೈಯಿಂದ ತಿರುಗಿಸುತ್ತ ತಳ ಮಾಡಿದಳು. ಅಂಚು ಎಲ್ಲ ಕಡೆ ಒಂದೇ ದಪ್ಪ. ಆ ತಳದ ಮೇಲೆ ಮಣ್ಣಿನ ಬತ್ತಿ ಹೊಸೆದು ಸುತ್ತಿ ಗೋಡೆ ಎಬ್ಬಿಸಿದಳು. ಮಣ್ಣು ಬಿಗಿಯಾಗುವ ಮೊದಲು ಕೈಯ ಹಸಿರು ಬಳೆಗಳನ್ನು ಗಡಿಗೆಯ ಹೆಗಲಿಗೆ ಒತ್ತಿ ಉರುಳಿಸಿದಳು. ಗೆರೆಗಳ ಸಾಲು ಸುತ್ತಲೂ ಬಂತು, ಇಳಕಲ್ ಸೀರೆಯ ದಡಿಯ ಹಾಗೆ. ಬಡಿಯುವ ಸಪ್ಪಳ ಕೇಳಿ ಎಲ್ಲರೂ ಸುತ್ತ ನೆರೆದರು. ನನಗೆ ಮಾತ್ರ ಆ ಸಪ್ಪಳಕ್ಕೆ ಹಸಿವಾಯಿತು.

ಮಡಿಕೆಗಳೆಲ್ಲ ಒಣಗಿ, ಒಂದು ಬಾರಿ ಸುಟ್ಟು, ಹಲಗೆಯ ಮೇಲೆ ಸಾಲಾಗಿ ನಿಂತವು. ಇನ್ನು ಉಳಿದದ್ದು ಒಂದೇ: ಮತ್ತೆ ಕೆಂಪಗೆ ಕಾಯಿಸಿ ಹುಳಿಹಿಟ್ಟಿನಲ್ಲಿ ಅದ್ದುವುದು. ಅದಿಲ್ಲದೆ ಅವು ಬನಹಟ್ಟಿಯ ಗಡಿಗೆಗಳೇ, ಸೋರುವಂಥವು. ಗಂಗವ್ವ ದಿನಕ್ಕೆರಡು ಸಲ ಹೋಗಿ ತನ್ನದನ್ನು ಸವರಿ ಬರುತ್ತಿದ್ದಳು.

ದೋಸೆಯ ಬೆಳಗು

ಆ ದೇಶದ ಬೇಸಿಗೆಯ ಸೂರ್ಯನಿಗೆ ಶಿಸ್ತು ಇಲ್ಲ. ರಾತ್ರಿ ಹತ್ತಾದರೂ ಹೋಗುವುದಿಲ್ಲ, ಹೋದವನು ನಾಲ್ಕರ ಸುಮಾರಿಗೆ ವಾಪಸು. ಬೆಳಕು ಬಿದ್ದ ಮೇಲೆ ಹಾಸಿಗೆಯಲ್ಲಿರುವುದು ಸಂಸಾರಸ್ಥರ ಲಕ್ಷಣವಲ್ಲ ಎಂದು ನಂಬಿದ ಗಂಗವ್ವ ಅದ್ದುವ ದಿನದ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಡಿಗೆಮನೆ ಹೊಕ್ಕಳು. ಒಲೆಯ ಮಗ್ಗುಲಲ್ಲಿ, ಬೆಚ್ಚಗಿನ ಜಾಗದಲ್ಲಿ, ಬಟ್ಟೆ ಮುಚ್ಚಿದ ಬಕೀಟು. ಬಟ್ಟೆ ಸರಿಸಿದರೆ ಹಿಟ್ಟು. ಹುಳಿ ಬಂದು ಗುಳುಗುಳು ಎನ್ನುತ್ತಿದೆ.

ನನ್ನನ್ನು ಎಬ್ಬಿಸಿ ಕರೆದುಕೊಂಡು ಬಂದಳು. "ನೋಡ್ರಿ. ನಮ್ಮ ಸಲುವಾಗಿ ಎಷ್ಟ ಛಲೋ ಹಿಟ್ಟ ಹುಳಿಯಾಕಿಟ್ಟಾಳ. ನಮಗ ಮಾಡಿ ಹಾಕೂದ ಆತು ಆಕೀಗೆ. ಇವತ್ತ ನಾನ ದೋಸಿ ಮಾಡತೇನಿ."

ನಾನು ಬೆರಳದ್ದಿ, ಎರಡು ಬೆರಳ ನಡುವೆ ಉಜ್ಜಿ, ಕಣ್ಣು ಮುಚ್ಚಿ ನೋಡಿದೆ. ಗಂಜಿ ಕಲಸಿ ಪಳಗಿದ ಕೈ, ತೀರ್ಪು ಕೊಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಹದಾ ಬಂದೈತಿ. ಹುಯ್ಯಿ," ಎಂದೆ.

ಉಳ್ಳಾಗಡ್ಡಿ, ಮೆಣಸಿನಕಾಯಿ, ಜೀರಿಗೆ ಬಿದ್ದವು. ವಾಸನೆಗೆ ಒಬ್ಬೊಬ್ಬರೇ ಎದ್ದು ಬಂದರು. ಯಾವಾಗಲೂ ಒಂದು ತುಂಡು ಕರಿ ಬ್ರೆಡ್ಡಿಗೆ ತೃಪ್ತನಾಗುತ್ತಿದ್ದ ಕ್ಲಾಸ್ ಆ ದಿನ ಮಾತು ಬಿಟ್ಟು ತಿಂದ. ಇನ್ನೊಂದು, ಇನ್ನೊಂದು ಎಂದು ಗಂಗವ್ವ ಹಾಕುತ್ತಲೇ ಹೋದಳು. ಕಟ್ಟಿಗೆ ತರಲು ಹೋಗಿದ್ದ ದಾಲಿಯಾಬಾಯಿ ಕೊನೆಯಲ್ಲಿ ಬಂದಳು. ನಿಂತುಕೊಂಡೇ ಎರಡು ತಿಂದಳು. ಬಹಳ ರುಚಿಯಾಗಿದೆ, ಯಾವ ಹಿಟ್ಟು ಎಂದು ಕೇಳಿದಳು.

ಗಂಗವ್ವ ಸೌಟಿನಿಂದ ಬಕೀಟು ತೋರಿಸಿದಳು.

ದಾಲಿಯಾಬಾಯಿ ಬಕೀಟಿನೊಳಗೆ ನೋಡಿದಳು. ತಳದಲ್ಲಿ ಅಂಟಿದ್ದಷ್ಟು ಇತ್ತು. ಆಕೆ ಒಂದು ಸ್ಟೂಲು ಎಳೆದು ಕುಳಿತು, ಮೆಲ್ಲಗೆ ಹೇಳಿದಳು: "ಇವತ್ತು ಮಡಿಕೆ ಅದ್ದಬೇಕಾದದ್ದು ಇದರಲ್ಲಿ."

ಕ್ಲಾಸ್ ಅಗಿಯುವುದನ್ನು ನಿಲ್ಲಿಸಿದ. ನಾನು ಗಂಗವ್ವನಿಗೆ ಕನ್ನಡದಲ್ಲಿ ಹೇಳಿದೆ. ಆಕೆಯ ಕೈಯ ಸೌಟು ಅಲ್ಲೇ ನಿಂತಿತು.

"ಅಯ್ಯ ಶಿವನ! ಗಡಿಗಿಗೆ ಹಾಕೂ ಹಿಟ್ಟು ಅಡಿಗಿಮನ್ಯಾಗ ಯಾರರೆ ಇಡತಾರೇನ್ರಿ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಲೆ ಇರುವುದು ಅಡಿಗೆಮನೆಯಲ್ಲಿ, ಹಿಟ್ಟಿಗೆ ಬೇಕಾದದ್ದು ಒಲೆಯ ಬಿಸಿ. ಹೊಸ ಹಿಟ್ಟು ಹುಳಿಯಲು ಮೂರು ದಿನ ಬೇಕು. ನಾಡಿದ್ದು ಎಲ್ಲರೂ ಹೊರಡುವವರು. ಹಲಗೆಯ ಮೇಲಿನ ಎರಡು ವಾರದ ದುಡಿಮೆಯೆಲ್ಲ ಸೋರುವ ಮಡಿಕೆಗಳಾಗಿಯೇ ಉಳಿಯುವುದು ನಿಶ್ಚಿತವಾಯಿತು. ಅದಕ್ಕೆ ಕಾರಣರಾದವರ ಹೊಟ್ಟೆ ತುಂಬಿತ್ತು.

ಗಂಗವ್ವ ಹೊರಗೆ ಹೋಗಿ ತನ್ನ ಗಡಿಗೆಯ ಮುಂದೆ ಕುಳಿತಳು. ಕೂಡಲೇ ಎದ್ದು ಬಂದಳು. "ಚೀಲಾ ಬಿಚ್ಚರಿ. ಜ್ವಾಳದ ಹಿಟ್ಟ ಐತಿ."

ಗಂಜಿಯೋ ಅಂಬಲಿಯೋ

ಜೋಳದ ಹಿಟ್ಟಿನಿಂದ ಏನು ಮಾಡಬೇಕೆಂಬುದರಲ್ಲಿ ನಮ್ಮಿಬ್ಬರಿಗೂ ಸಂಶಯವಿರಲಿಲ್ಲ. ಆದರೆ ಇಬ್ಬರ ನಿಸ್ಸಂಶಯವೂ ಬೇರೆ ಬೇರೆ ಇತ್ತು.

"ಕುದಿಸಬೇಕು," ಎಂದೆ. "ಹಸೀ ಹಿಟ್ಟು ನೂಲಿಗೇ ಹಿಡಿಯಂಗಿಲ್ಲ, ಗಡಿಗಿಗೆ ಹಿಡೀತೈತೇನು? ಗಂಜಿ ಅಂದ್ರ ಕುದ್ದಿರಬೇಕು."

"ಗಂಜಿ ಅಂತ ಯಾರಂದಾರ್ರಿ? ಆ ಬಾಯಿ ಹುಳಿ ಅಂದಾಳ. ಅಂಬಲಿಗತೆ ಹುಳೀಬೇಕು."

"ಹುಳಿಯಾಕ ಮೂರ ದಿನಾ ಎಲ್ಲಿಂದ ತರ್ತಿ?"

"ಬಕೀಟ ತಳದಾಗಿಂದು ಕೆರದು ಹೆಪ್ಪ ಹಾಕತೇನಿ. ಮಜ್ಜಿಗಿ ಹಾಕತೇನಿ. ಬಿಸಲಾಗ ಇಡತೇನಿ."

"ಮಜ್ಜಿಗಿ ಹಾಕಿದ್ರ ಅದು ಊಟ ಆತು."

"ಮುಂಜಾನಿಂದೂ ಊಟಾನ ಆಗಿತ್ತಲ್ಲ? ಬೆರಳ ಅದ್ದಿ ಹದಾ ಬಂದೈತಿ ಅಂದಾವ್ರು ಯಾರು?"

ಹಿಟ್ಟನ್ನು ಎರಡು ಪಾಲು ಮಾಡಿದೆವು. ನಾನು ನನ್ನ ಪಾಲನ್ನು ಒಲೆಯ ಮೇಲಿಟ್ಟು, ಹಾಸಿನ ನೂಲಿಗೆ ಕಾಸುವಂತೆ ಗಂಜಿ ಕಾಸಿ, ರೂಢಿಯಂತೆ ಒಂದು ಚಮಚ ಎಣ್ಣೆ ಬಿಟ್ಟೆ. ಆಕೆ ತನ್ನ ಪಾಲನ್ನು ಕಲಸಿ ಕಪ್ಪು ಕಂಬಳಿ ಸುತ್ತಿ ಬಿಸಿಲಿಗಿಟ್ಟಳು. ಮುಳುಗಲು ಒಲ್ಲದ ಆ ಸೂರ್ಯ ಮೊದಲ ಬಾರಿಗೆ ಯಾರಿಗಾದರೂ ಉಪಯೋಗಕ್ಕೆ ಬಂದ. ದಾಲಿಯಾಬಾಯಿ ಇಬ್ಬರನ್ನೂ ನೋಡಿ, ಸಂಜೆಗೆ ಅಂಗಳದ ಮಡಿಕೆ ಒಲೆ ಹೊತ್ತಿಸುತ್ತೇನೆ ಎಂದಷ್ಟೇ ಹೇಳಿ ಹೋದಳು. ನಮ್ಮಲ್ಲಾಗಿದ್ದರೆ ಬಯ್ದು ಮನಸ್ಸು ಹಗುರ ಮಾಡುತ್ತಿದ್ದರು.

ಸಂಜೆಗೆ ಗಂಗವ್ವನ ಪಾತ್ರೆ ಮೇಲೆ ಸಣ್ಣ ಗುಳ್ಳೆ ಕಂಡವು. ನನ್ನದರಲ್ಲಿ ಕೋಲು ನೆಟ್ಟಗೆ ನಿಲ್ಲುತ್ತಿತ್ತು. ಯಾರದ್ದು ಸರಿ ಎಂದು ಮತ್ತೆ ಮಾತು ಬೆಳೆಯುವಷ್ಟರಲ್ಲಿ ಕ್ಲಾಸ್ ಇಂಚುಪಟ್ಟಿ ತಂದು ಎರಡೂ ಪಾತ್ರೆಗಳ ಆಳ ಅಳೆದ, ಗಂಗವ್ವನ ಗಡಿಗೆಯ ಎತ್ತರ ಅಳೆದ, ಕಾಗದದ ಮೇಲೆ ಏನೋ ಗೀಚಿ ತಲೆ ಅಲ್ಲಾಡಿಸಿದ. ಯಾವ ಪಾತ್ರೆಯಲ್ಲೂ ಗಡಿಗೆ ಮುಳುಗುವುದಿಲ್ಲ. ಸೊಂಟದವರೆಗೆ ಮಾತ್ರ.

ಬೇರೆ ದಾರಿಯಿರಲಿಲ್ಲ. ಎರಡನ್ನೂ ಒಂದೇ ಟಬ್ಬಿಗೆ ಸುರಿದು, ನೀರು ಹಾಕಿ ತೆಳ್ಳಗೆ ಮಾಡಿದೆವು. ಸಂಸಾರ ಹೂಡಿದ ದಿನದಿಂದ ಯಾವ ವಿಷಯದಲ್ಲೂ ನಾವಿಬ್ಬರೂ ಇಷ್ಟು ಸಂಪೂರ್ಣವಾಗಿ ಒಂದಾದದ್ದು ನೆನಪಿಲ್ಲ.

ಒಲೆಯ ಮುಂದೆ

ಅಂಗಳದ ಒಲೆಯೊಳಗೆ ಮಡಿಕೆಗಳು ಕೆಂಡದ ಬಣ್ಣಕ್ಕೆ ಬಂದಿದ್ದವು. ದಾಲಿಯಾಬಾಯಿ ಉದ್ದನೆಯ ಇಕ್ಕಳ ಹಿಡಿದು, ಮೊದಲು ಯಾರದ್ದು ಎಂದು ಕೇಳಿದಳು. ಎಲ್ಲರೂ ಕಾಡಿನ ಕಡೆ ನೋಡತೊಡಗಿದರು. ಈ ಹಿಟ್ಟಿನಲ್ಲಿ ಒಡೆಯುವುದಿದ್ದರೆ ಒಡೆಯುವುದು ಮೊದಲನೆಯದು.

ನಾನು ನನ್ನ ಹೂಜಿ ಎನ್ನಲು ಬಾಯಿ ತೆರೆದೆ. ಗಂಗವ್ವ ನನ್ನನ್ನು ಸರಿಸಿ ಮುಂದೆ ಬಂದಳು. "ಹಿಟ್ಟ ತಿನಿಸಿದಾಕಿ ನಾನು. ನಂದ ತಗೀರಿ ಮೊದಲ."

ದಾಲಿಯಾಬಾಯಿಗೆ ಅದು ತಿಳಿಯಿತು. ಇಕ್ಕಳ ಒಳಗೆ ಹೋಗಿ ಕೆಂಪಗೆ ಉರಿಯುವ ಗಡಿಗೆ ಹಿಡಿದು ಬಂತು. ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಡಿಗೆ ಟಬ್ಬಿನಲ್ಲಿ ಮುಳುಗಿದಾಗ ಎದ್ದ ಸದ್ದಿಗೆ ಕ್ಲಾಸ್ ಎರಡು ಹೆಜ್ಜೆ ಹಿಂದೆ ಹೋದ. ಹೊಗೆ ಎದ್ದಿತು. ಹೆಂಚಿನಿಂದ ಜಾರಿ ಕೆಂಡಕ್ಕೆ ಬಿದ್ದ ರೊಟ್ಟಿಯ ವಾಸನೆ ಆ ಕಾಡಿನ ತುಂಬ ಹರಡಿತು. ದಾಲಿಯಾಬಾಯಿ ಗಡಿಗೆಯನ್ನು ಎತ್ತಿ ನೀರಿನ ಪೀಪಾಯಿಗೆ ಅದ್ದಿದಳು. ಮತ್ತೊಮ್ಮೆ ಚುಂಯ್ ಎಂದಿತು. ಹೊರಗೆ ತೆಗೆದು ಹಲಗೆಯ ಮೇಲಿಟ್ಟಳು.

ಒಡೆದಿರಲಿಲ್ಲ. ಮೈತುಂಬ ಸಣ್ಣ ಸಣ್ಣ ಕಂದು ಚುಕ್ಕೆ, ನಡುವೆ ಅಲ್ಲಲ್ಲಿ ಕಪ್ಪು. ಹೆಗಲ ಮೇಲೆ ಬಳೆಯ ಗೆರೆಗಳಲ್ಲಿ ಬಣ್ಣ ಇಳಿದು ನಿಂತಿತ್ತು. ದಾಲಿಯಾಬಾಯಿ ಅದನ್ನು ಸುತ್ತಲೂ ತಿರುಗಿಸಿ ಬಹಳ ಹೊತ್ತು ನೋಡಿದಳು.

"ನಮ್ಮದು ಹೀಗೆ ಬರುವುದಿಲ್ಲ," ಎಂದಳು.

"ಏನಂತರಿ?" ಗಂಗವ್ವ ನನ್ನ ತೋಳು ಹಿಡಿದಳು.

"ಅವರದು ಹಿಂಗ ಬರೂದಿಲ್ಲಂತ."

"ಛಲೋ ಆಗೇತಂತೋ, ಕೆಟ್ಟೇತಂತೋ?"

ನಾನು ಕೇಳುವ ಮೊದಲೇ ದಾಲಿಯಾಬಾಯಿ ಇಕ್ಕಳ ಎತ್ತಿ, "ಮುಂದಿನದು," ಎಂದಳು. ಈಗ ಎಲ್ಲರೂ ಮುಂದೆ ನುಗ್ಗಿದರು. ಕ್ಲಾಸ್ ತನ್ನ ಬಟ್ಟಲಿಗಾಗಿ ನನ್ನನ್ನು ಮೊಳಕೈಯಿಂದ ತಳ್ಳಿದ. ಮುಧೋಳದ ಬಸ್ಸು ಹತ್ತುವವರಲ್ಲಿ ಮಾತ್ರ ನಾನು ಅಂಥ ಮೊಳಕೈ ಕಂಡಿದ್ದೆ. ಬಿಟ್ಟುಕೊಟ್ಟು, ಬಿಟ್ಟುಕೊಟ್ಟು, ನನ್ನ ಹೂಜಿಯ ಸರದಿ ಕೊನೆಗೆ ಬಂತು. ಅಷ್ಟರಲ್ಲಿ ಟಬ್ಬಿನ ತಳದಲ್ಲಿ ಉಳಿದದ್ದು ಬಹುತೇಕ ನಾನು ಕಾಸಿದ ಗಂಜಿಯ ಗಂಟುಗಳೇ. ಹೂಜಿ ಅವನ್ನು ಮೈಗೆ ಮೆತ್ತಿಕೊಂಡು ಮೇಲೆ ಬಂತು. ನೀರಿಗೆ ಅದ್ದಿದಾಗ ಹಪ್ಪಳದಂತೆ ಎದ್ದು ಉದುರಿದವು.

"ಗಂಜಿ ಹಿಡದೈತಿ ನೋಡ್ರಿ," ಎಂದಳು ಗಂಗವ್ವ.

ಹೊರಡುವ ಮುನ್ನಾದಿನ

ಬೆಳಗ್ಗೆ ಮಡಿಕೆಗಳನ್ನೆಲ್ಲ ಒಂದೊಂದು ಹಾಳೆ ಕಾಗದದ ಮೇಲೆ ಸಾಲಾಗಿ ಇಟ್ಟು ನೀರು ತುಂಬಿದರು. ಸಂಜೆ ಕಾಗದ ಒಣಗಿದ್ದರೆ ಗೆದ್ದಂತೆ. ಸೋರುವ ಮಡಿಕೆಯೇ ನೀರನ್ನು ತಣ್ಣಗಿಡುವುದು, ನಮ್ಮ ಕಡೆ ಬೇಸಿಗೆಯಲ್ಲಿ ನೀರಿನ ಹರವಿ ಬೆವರದಿದ್ದರೆ ಯಾರೂ ಕೊಳ್ಳುವುದಿಲ್ಲ ಎಂದು ನಾನು ಮುಂಜಾಗ್ರತೆಯಾಗಿ ಒಂದು ಸಣ್ಣ ಭಾಷಣ ಮಾಡಿದೆ. ಹೊರಗೆ ಎಲ್ಲರೂ ಸ್ವೆಟರು ಹಾಕಿಕೊಂಡು ನಿಂತಿದ್ದರು.

ಗಂಗವ್ವ ತನ್ನದಕ್ಕೆ ನೀರು ಹಾಕಗೊಡಲಿಲ್ಲ. ಪಕ್ಕದ ಹೊಲದ ಮನೆಯಿಂದ ಹಾಲು ತರಿಸಿ, ಕಾಸಿ, ಆರಿಸಿ, ಕಂಠದವರೆಗೆ ಹಾಕಿ ಹೆಪ್ಪಿಟ್ಟಳು. ದಿನವಿಡೀ ಆ ಹಲಗೆಯ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತಳು. ಬೆಕ್ಕೊಂದು ಬಂತು, ಓಡಿಸಿದಳು. ದಾಲಿಯಾಬಾಯಿ ಎರಡು ಸಲ ಬಂದು ಬಗ್ಗಿ ನೋಡಿ ಹೋದಳು.

ಸಂಜೆ ಒಂದೊಂದನ್ನೇ ಎತ್ತಿ ನೋಡಿದರು. ನನ್ನ ಹೂಜಿಯ ಕೆಳಗಿನ ಕಾಗದ ಪೂರ್ತಿ ತೊಯ್ದಿತ್ತು. ಕ್ಲಾಸನ ಬಟ್ಟಲಿನ ಕಾಗದದಲ್ಲಿ ಒಂದು ಕಡೆ ಒದ್ದೆಯಿತ್ತು. ಉಳಿದವರವು ಒಣಗಿದ್ದವು. ಗಂಗವ್ವನ ಗಡಿಗೆಯಲ್ಲಿ ಮೊಸರು ಗಟ್ಟಿಯಾಗಿತ್ತು, ಕೆಳಗಿನ ಕಾಗದ ಒಣಗಿತ್ತು.